ಯುಟಿಎಂನಲ್ಲಿ ಒಳ್ಳೆಯ ಅಂಕಿ ಬಂದರೆ ಅಂಟನ್ನು ನಂಬಬಹುದೇ?

ಪ್ರಶ್ನೆ: ದಾವಣಗೆರೆಯಲ್ಲಿ ವಾಹನಗಳ ಬಾಡಿ ಕಟ್ಟುವ ವರ್ಕ್‌ಶಾಪ್ ನಮ್ಮದು. ಅಲ್ಯೂಮಿನಿಯಂ ಚೌಕಟ್ಟಿಗೆ ಗಾಜಿನ ನಾರಿನ ಎಫ್‌ಆರ್‌ಪಿ ಹಲಗೆಗಳನ್ನು ಎಪಾಕ್ಸಿ ಅಂಟಿನಿಂದ ಕೂಡಿಸಬೇಕೆಂದಿದ್ದೇವೆ. ಮಾದರಿ ತುಂಡುಗಳನ್ನು ಇಂಜಿನಿಯರಿಂಗ್ ಕಾಲೇಜಿನ ಯುಟಿಎಂನಲ್ಲಿ (ತುಂಡನ್ನು ಮುರಿಯುವವರೆಗೆ ಎಳೆದು ಬಲ ಅಳೆಯುವ ಯಂತ್ರ) ಎಳೆಸಿ ನೋಡಿದಾಗ ಅವು ನಮ್ಮ ಅಂದಾಜಿಗಿಂತ ಹೆಚ್ಚಿನ ಭಾರ ತಡೆದವು. ಇಷ್ಟು ಪರೀಕ್ಷೆ ಸಾಕೇ?

ಉತ್ತರ: ಸಾಲದು. ಮಾದರಿಯನ್ನು ಅಂಟಿಸಿದ ಕೆಲವೇ ದಿನಗಳಲ್ಲಿ, ಒಣ ಕೋಣೆಯಲ್ಲಿ, ಒಂದೇ ಸಲ ಎಳೆದಾಗ ಅದು ಎಷ್ಟು ತಡೆಯಿತು ಎಂಬುದನ್ನಷ್ಟೇ ಆ ಅಂಕಿ ಹೇಳುತ್ತದೆ. ನಾಲ್ಕು ಮಳೆಗಾಲ ಕಳೆದ ಮೇಲೆ ಹಲಗೆ ಚೌಕಟ್ಟಿಗೆ ಕಚ್ಚಿಕೊಂಡಿರುತ್ತದೆಯೇ ಎಂಬುದನ್ನು ಹೇಳುವುದಿಲ್ಲ.

ಮೊದಲು ಆ ಅಂಕಿ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಲ್ಯಾಪ್ ಜಾಯಿಂಟ್, ಅಂದರೆ ತುದಿಯ ಮೇಲೆ ತುದಿ ಇಟ್ಟು ಅಂಟಿಸಿದ ಜೋಡಣೆ, ಮುರಿದಾಗಿನ ಭಾರವನ್ನು ಅಂಟಿದ ವಿಸ್ತೀರ್ಣದಿಂದ ಭಾಗಿಸಿ ಇಷ್ಟು ಮೆಗಾಪ್ಯಾಸ್ಕಲ್ ಎಂದು ಬರೆಯುತ್ತಾರೆ. 25 ಮಿಲಿಮೀಟರ್ ಅಗಲದ ತುಂಡುಗಳನ್ನು 12.5 ಮಿಲಿಮೀಟರಿನಷ್ಟು ಒಂದರ ಮೇಲೊಂದು ಕೂರಿಸಿ ಅಂಟಿಸಿದ್ದು 6,250 ನ್ಯೂಟನ್‌ಗೆ ಮುರಿದರೆ ಲೆಕ್ಕ 20 ಮೆಗಾಪ್ಯಾಸ್ಕಲ್ ಎಂದಾಗುತ್ತದೆ. ಇದು ಸರಾಸರಿ ಮಾತ್ರ. ಅಂಟಿದ ಭಾಗದ ಎರಡು ತುದಿಗಳಲ್ಲಿ ಒತ್ತಡ ಬಹಳ ಹೆಚ್ಚಾಗಿಯೂ ನಡುವೆ ಕಡಿಮೆಯಾಗಿಯೂ ಇರುತ್ತದೆಂಬುದನ್ನು 1938ರಲ್ಲಿ ವೋಲ್ಕರ್‌ಸನ್ ಗಣಿತದಿಂದ ತೋರಿಸಿದರು; ಎಳೆಯುವಾಗ ತುಂಡುಗಳು ಬಾಗುವುದರಿಂದ ಅದೇ ತುದಿಗಳಲ್ಲಿ ಸುಲಿಯುವ ಬಲವೂ ಹುಟ್ಟುತ್ತದೆಂಬುದನ್ನು 1944ರಲ್ಲಿ ಗೋಲಂಡ್ ಮತ್ತು ರೈಸ್ನರ್ ಲೆಕ್ಕ ಹಾಕಿದರು. ಆದ್ದರಿಂದ ಅಂಟಿಸುವ ಉದ್ದವನ್ನು ಇಮ್ಮಡಿ ಮಾಡಿದರೆ ತಡೆಯುವ ಭಾರವೂ ಇಮ್ಮಡಿಯಾಗುವುದಿಲ್ಲ. ಸಣ್ಣ ತುಂಡಿನ ಅಂಕಿಯನ್ನು ಗುಣಿಸಿ ಬಾಡಿಯ ಬಲ ಇಷ್ಟೆಂದು ಹೇಳುವ ರೂಢಿ ಇದೆ; ಅದನ್ನು ದಯವಿಟ್ಟು ಅನುಸರಿಸಬೇಡಿ.

ಅಂಕಿಗಿಂತ ಮುರಿದ ತುಂಡುಗಳೇ ಹೆಚ್ಚು ಹೇಳುತ್ತವೆ. ಅವುಗಳನ್ನು ಎಸೆದಿರದಿದ್ದರೆ ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಿ. ಎರಡೂ ಬದಿಯಲ್ಲಿ ಅಂಟಿನ ಪದರ ಉಳಿದಿದ್ದರೆ ಅಂಟು ತನ್ನೊಳಗೇ ಒಡೆದಿದೆ, ಅಂದರೆ ಎರಡು ಮೇಲ್ಮೈಗಳನ್ನೂ ಅದು ಬಿಟ್ಟಿಲ್ಲ. ಅಂಟಿನ ಮೇಲೆ ಗಾಜಿನ ನಾರುಗಳು ಕಿತ್ತು ಬಂದಿದ್ದರೆ ಸೋತದ್ದು ಹಲಗೆ; ನಾರಿನ ಪದರಗಳನ್ನು ಒಂದರ ಮೇಲೊಂದು ಹಿಡಿದಿರುವುದು ರಾಳ ಮಾತ್ರವಾದ್ದರಿಂದ ಸುಲಿಯುವ ಬಲಕ್ಕೆ ಮೊದಲ ಪದರವೇ ಏಳುವುದು ಸಾಮಾನ್ಯ. ಅಲ್ಯೂಮಿನಿಯಂ ಬದಿ ಹೊಳೆಯುತ್ತಾ ಬರಿದಾಗಿದ್ದು, ಅದರ ಮೇಲಿನ ಎಮರಿ ಪೇಪರಿನ ಗೀರುಗಳ ಅಚ್ಚು ಎದುರಿನ ಅಂಟಿನ ಮೇಲೆ ಮೂಡಿದ್ದರೆ ಅಂಟು ಲೋಹವನ್ನು ಹಿಡಿದೇ ಇರಲಿಲ್ಲ ಎಂದರ್ಥ. ಇಂಥ ತುಂಡಿಗೆ ಎಷ್ಟೇ ದೊಡ್ಡ ಅಂಕಿ ಬಂದಿದ್ದರೂ ನಾನು ಅದನ್ನು ಅನುತ್ತೀರ್ಣವೆಂದೇ ಎಣಿಸುತ್ತೇನೆ. ಮುರಿತದ ಈ ಬಗೆಗಳನ್ನು ಗುರುತಿಸಿ ಹೆಸರಿಸಲೆಂದೇ ಪರೀಕ್ಷಾ ಮಾನಕಗಳನ್ನು ರೂಪಿಸುವ ಎಎಸ್‌ಟಿಎಂ ಸಂಸ್ಥೆಯ ಡಿ5573 ಎಂಬ ಮಾನಕವಿದೆ.

ಲೋಹದ ಬದಿಯ ನಿಜವಾದ ಶತ್ರು ನೀರು. ತೇವಾಂಶವು ಅಂಟಿನ ಮೂಲಕವೂ ಅಂಚಿನಿಂದಲೂ ನಿಧಾನವಾಗಿ ಒಳಸೇರಿ ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪೊರೆಯನ್ನು ಕೆಡಿಸುತ್ತದೆ. 1988ರ ಏಪ್ರಿಲ್ 28ರಂದು ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದ ಮೇಲ್ಛಾವಣಿ ಹಾರಾಟದಲ್ಲೇ ಕಿತ್ತುಹೋದುದರ ಹಿಂದೆ ತಗಡಿನ ಜೋಡಣೆಯ ಅಂಟು ಬಿಟ್ಟು, ತುಕ್ಕು ಹಿಡಿದು, ಭಾರವೆಲ್ಲ ರಿವೆಟ್‌ಗಳ ಮೇಲೆ ಬಿದ್ದು, ಅವುಗಳ ತೂತುಗಳ ಬಳಿ ಬಿರುಕು ಬೆಳೆದ ಕಥೆಯಿದೆ.

ಇದನ್ನು ಹಿಡಿಯುವ ಪರೀಕ್ಷೆ ಅಗ್ಗದ್ದು, ಯುಟಿಎಂ ಕೂಡ ಬೇಡ: ಎಎಸ್‌ಟಿಎಂ ಡಿ3762ರ ಬೆಣೆ ಪರೀಕ್ಷೆ. ಸುಮಾರು 3 ಮಿಲಿಮೀಟರ್ ದಪ್ಪ, 25 ಮಿಲಿಮೀಟರ್ ಅಗಲ, 150 ಮಿಲಿಮೀಟರ್ ಉದ್ದದ ಎರಡು ಅಲ್ಯೂಮಿನಿಯಂ ಪಟ್ಟಿಗಳನ್ನು ವರ್ಕ್‌ಶಾಪಿನಲ್ಲಿ ಮಾಡುವ ರೀತಿಯಲ್ಲೇ ಉಜ್ಜಿ, ಒರೆಸಿ, ಒಂದು ತುದಿಯನ್ನು ಬಿಟ್ಟು ಪರಸ್ಪರ ಅಂಟಿಸಿ. ಅಂಟು ಪೂರ್ತಿ ಗಟ್ಟಿಯಾದ ಮೇಲೆ ಆ ತುದಿಯಲ್ಲಿ 3 ಮಿಲಿಮೀಟರಿನ ಬೆಣೆ ಹೊಡೆದು, ಬಿರುಕು ಎಲ್ಲಿಯವರೆಗೆ ಓಡಿದೆಯೆಂದು ಭೂತಗನ್ನಡಿಯಲ್ಲಿ ನೋಡಿ ಅಂಚಿನ ಮೇಲೆ ಸೂಜಿಯಿಂದ ಗೀರಿರಿ. ಬಳಿಕ ಅದನ್ನು 50 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿನ, ಆವಿ ತುಂಬಿದ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಒಂದು ಗಂಟೆಗೂ ಮಾರನೆಯ ದಿನವೂ ತೆಗೆದು ನೋಡಿ. ಬೆಣೆ ಸದಾ ಸುಲಿಯುತ್ತಲೇ ಇರುವುದರಿಂದ, ಮೇಲ್ಮೈಯ ಸಿದ್ಧತೆ ಕಳಪೆಯಾಗಿದ್ದರೆ ಬಿರುಕು ಗೀರನ್ನು ದಾಟಿ ಮುಂದೆ ಹೋಗಿರುತ್ತದೆ, ಬಿಚ್ಚಿದಾಗ ಹೊಸ ಬಿರುಕಿನ ಜಾಗದಲ್ಲಿ ಬರಿಯ ಲೋಹ ಕಾಣುತ್ತದೆ. ಯುಟಿಎಂನಲ್ಲಿ ಒಂದೇ ಅಂಕಿ ತಂದ ಎರಡು ಬಗೆಯ ಸಿದ್ಧತೆಗಳು ಇಲ್ಲಿ ಬೇರೆಬೇರೆಯಾಗಿ ನಿಲ್ಲಬಹುದು.

ಅಂಟು ಹಚ್ಚುವ ಮುನ್ನ ಮಾಡುವ ಸರಳ ತಪಾಸಣೆಯೊಂದಿದೆ. ಉಜ್ಜಿದ ಲೋಹದ ಮೇಲೆ ಶುದ್ಧ ನೀರು ಹಾಕಿ: ಒಂದೇ ಪೊರೆಯಾಗಿ ಹರಡಿ ನಿಂತರೆ ಸರಿ, ಕೆಸುವಿನ ಎಲೆಯ ಮೇಲಿನಂತೆ ಹನಿಗಟ್ಟಿದರೆ ಜಿಡ್ಡು ಇನ್ನೂ ಹೋಗಿಲ್ಲ. ಒಂದೇ ವೇಸ್ಟ್ ಬಟ್ಟೆಯಲ್ಲಿ ಹತ್ತು ತುಂಡು ಒರೆಸಿದರೆ ಜಿಡ್ಡು ಹೋಗುವುದಿಲ್ಲ, ಹರಡುತ್ತದೆ.

ದಾವಣಗೆರೆಯ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾಗುವ ಅನೇಕ ಎಪಾಕ್ಸಿಗಳು 50ರಿಂದ 60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತವೆ, ಏಪ್ರಿಲ್ ಮಧ್ಯಾಹ್ನ ಗಾಢ ಬಣ್ಣ ಬಳಿದ ತಗಡು ಅಷ್ಟು ಕಾಯುವುದು ಕಷ್ಟವೇನಲ್ಲ. ಒಂದಿಷ್ಟು ತುಂಡುಗಳನ್ನು ಬಿಸಿಯಾಗಿರುವಾಗಲೇ ಎಳೆಸಬೇಕು. ಮುಂದೆ ಕಾರ್ಬನ್ ನಾರಿಗೆ ಬದಲಾಯಿಸುವ ಯೋಚನೆಯಿದ್ದರೆ ಇನ್ನೆರಡು ತೊಡಕುಗಳಿವೆ: ಮೀಟರ್ ಉದ್ದದ ಅಲ್ಯೂಮಿನಿಯಂ 30 ಡಿಗ್ರಿ ಏರಿಕೆಗೆ ಸುಮಾರು 0.7 ಮಿಲಿಮೀಟರ್ ಹಿಗ್ಗಿದರೆ ಕಾರ್ಬನ್ ನಾರು ತನ್ನ ಉದ್ದಕ್ಕೆ ಬಹುತೇಕ ಹಿಗ್ಗುವುದೇ ಇಲ್ಲ. ಜೊತೆಗೆ ಒದ್ದೆಯಲ್ಲಿ ಎರಡೂ ತಾಗಿದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ, ಹಾಗಾಗಿ ನಡುವೆ ಗಾಜಿನ ನಾರಿನ ಪದರ ಹಾಕುತ್ತಾರೆ.

ಮತ್ತೆಮತ್ತೆ ಬೀಳುವ ಭಾರ ಬೇರೆಯೇ ವಿಷಯ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ರೆಕ್ಕೆಯ ಎರಡು ಚಿಪ್ಪುಗಳನ್ನು ಕೂಡಿಸಿರುವುದು ಅಂಟೇ. ನಿಮಿಷಕ್ಕೆ 15 ಸುತ್ತಿನಂತೆ ಎಡೆಬಿಡದೆ ತಿರುಗಿದರೆ 20 ವರ್ಷಕ್ಕೆ 15 ಕೋಟಿಗೂ ಹೆಚ್ಚು ಸುತ್ತುಗಳಾಗುತ್ತವೆ. ಗುಂಡಿಬಿದ್ದ ರಸ್ತೆಯ ಕುಲುಕಾಟವೂ ಇದೇ ಜಾತಿಯದು. ಒಂದೇ ಎಳೆತದ ಬಲದ ಸಣ್ಣ ಪಾಲಿನಷ್ಟು ಭಾರವೂ ಲಕ್ಷಾಂತರ ಸಲ ಬಿದ್ದರೆ ಬಿರುಕು ಬೆಳೆಯಬಲ್ಲದು.

ಸಿದ್ಧವಾದ ಬಾಡಿಯನ್ನು ಮುರಿಯದೆ ಪರೀಕ್ಷಿಸಬಹುದೇ ಎಂದು ಮುಂದೆ ಕೇಳುವಿರಿ. ನಾಣ್ಯದಿಂದ ತಟ್ಟಿ ಕೇಳಿದರೆ ಅಥವಾ ಅಲ್ಟ್ರಾಸೌಂಡ್ ಹಾಯಿಸಿದರೆ ಅಂಟಿಲ್ಲದ ಟೊಳ್ಳು ಜಾಗ ಸಿಗುತ್ತದೆ. ತಾಗಿಕೊಂಡಿದ್ದೂ ಹಿಡಿಯದ ಜಾಗ ಸಿಗುವುದಿಲ್ಲ. ಅಮೆರಿಕದ ವಿಮಾನ ಮಾರ್ಗಸೂಚಿಗಳಲ್ಲಿ, ಬಿಟ್ಟರೆ ವಿಮಾನವೇ ಹೋಗುವಂಥ ಅಂಟುಜೋಡಣೆಗೆ ಮೂರು ದಾರಿಗಳಿವೆ: ಬಿರುಕು ದೂರ ಹೋಗದಂತೆ ವಿನ್ಯಾಸದಲ್ಲೇ ತಡೆ ಹಾಕುವುದು, ತಯಾರಾದ ಪ್ರತಿಯೊಂದನ್ನೂ ಭಾರ ಹೇರಿ ಪರೀಕ್ಷಿಸುವುದು, ಇಲ್ಲವೇ ಬಲವನ್ನೇ ಖಾತ್ರಿಪಡಿಸಬಲ್ಲ, ಮುರಿಯದ ಪರೀಕ್ಷೆಯನ್ನು ತೋರಿಸುವುದು. ಮೂರನೆಯದು ವರ್ಕ್‌ಶಾಪಿನ ಕೈಗೆಟುಕದ ಮಾತು. ನೀವು ಮೊದಲನೆಯದನ್ನು ಹಿಡಿದು, ಹಲಗೆಯ ತುದಿಗಳಲ್ಲಿ ಅಂಟಿನ ಜೊತೆಗೆ ಒಂದೆರಡು ರಿವೆಟ್ ಹೊಡೆಯಿರಿ, ತೂತುಗಳಿಗೆ ಸೀಲಂಟ್ ತುಂಬಿ. ಪ್ರತಿ ಬ್ಯಾಚಿನ ಕೆಲಸದ ಜೊತೆ ಅದೇ ಅಂಟು, ಅದೇ ಕೈಯಿಂದ ಒಂದು ಬೆಣೆ ಮಾದರಿಯನ್ನೂ ಮಾಡಿಸಿ, ದಿನಾಂಕ ಬರೆದು ಇಟ್ಟುಕೊಳ್ಳಿ.