ನೆತ್ತಿಯ ಮೇಲಿನ ಗಾಜು: ಬಿಸಿಲನ್ನು ಎಲ್ಲಿ ತಡೆಯಬೇಕು?

ಪ್ರತಿವರ್ಷ ಮೇ 2ರ ಆಸುಪಾಸಿನಲ್ಲಿ, ಮಧ್ಯಾಹ್ನ ಸುಮಾರು 12 ಗಂಟೆ 26 ನಿಮಿಷಕ್ಕೆ, ಹುಬ್ಬಳ್ಳಿಯಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಊರು ಹೆಚ್ಚುಕಡಿಮೆ 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಉತ್ತರದ ಕಡೆಗೆ ಸರಿಯುತ್ತಿರುವ ಸೂರ್ಯ ಆ ದಿನ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಹಾದುಹೋಗುತ್ತಾನೆ. ಆಗಸ್ಟ್ 10ರ ಸುಮಾರಿಗೆ ಮರಳುವಾಗಲೂ ಹೀಗೆಯೇ ಆಗುತ್ತದೆಯಾದರೂ ಮಳೆಗಾಲದ ಮೋಡ ಆಗ ನಮ್ಮನ್ನು ಕಾಯುತ್ತದೆ. ಮೇ ತಿಂಗಳಲ್ಲಿ ಕಾಯುವವರು ಯಾರೂ ಇಲ್ಲ, ಕಾರಿನ ಮೇಲ್ಛಾವಣಿ ಗಾಜಿನದಾಗಿದ್ದರಂತೂ ಇಲ್ಲವೇ ಇಲ್ಲ.

ನಿರ್ಮಲ ಆಕಾಶದ ನಡುಹಗಲಿನಲ್ಲಿ, ಕಿರಣಗಳಿಗೆ ನೇರವಾಗಿ ಎದುರಾದ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 1000 ವ್ಯಾಟ್ ಸೌರಶಕ್ತಿ ಬೀಳುತ್ತದೆ. ಮನೆಯ ಇಸ್ತ್ರಿ ಪೆಟ್ಟಿಗೆ ತೆಗೆದುಕೊಳ್ಳುವ ವಿದ್ಯುತ್ತೂ ಸಾಮಾನ್ಯವಾಗಿ ಇಷ್ಟೇ. ಸೂರ್ಯ ನೆತ್ತಿಯ ಮೇಲಿದ್ದಾಗ ಕಾರಿನ ಬದಿಯ ಕಿಟಕಿಗಳನ್ನು ಕಿರಣಗಳು ಬರಿದೇ ಸವರಿಕೊಂಡು ಹೋಗುತ್ತವೆ. ಆದರೆ ಮಲಗಿದ ಗಾಜಿನ ಮೇಲೆ ಪೂರ್ಣ ಬಲದಿಂದ ಬೀಳುತ್ತವೆ. ಬರ್ಲಿನ್ ನಗರದಲ್ಲಿ ಜೂನ್ ತಿಂಗಳ ಮಧ್ಯಾಹ್ನವೂ ಸೂರ್ಯ ದಿಗಂತದಿಂದ ಸುಮಾರು 61 ಡಿಗ್ರಿಗಿಂತ ಮೇಲೇರುವುದಿಲ್ಲ, ಡಿಸೆಂಬರಿನಲ್ಲಿ 14 ಡಿಗ್ರಿ ದಾಟಿದರೆ ಹೆಚ್ಚು. ಅಲ್ಲಿ ಗಾಜಿನ ಛಾವಣಿ ಒಂದು ಸುಖ. ನಮ್ಮಲ್ಲಿ ಹಿರಿಯರು ಹಂಚಿನ ಮನೆಯ ಕತ್ತಲ ಕೋಣೆಗೆ ಒಂದೇ ಒಂದು ಗಾಜಿನ ಹಂಚು ಹಾಕಿಸುತ್ತಿದ್ದರು, ಎರಡಲ್ಲ. ಬೆಳಕಿಗೆ ಎಷ್ಟು ಬಿಸಿಲನ್ನು ತೆರಬೇಕೆಂಬ ಲೆಕ್ಕ ಅವರಿಗೆ ಗೊತ್ತಿತ್ತು.

ಕಾರು ತಯಾರಕರು ಈ ಗಾಜನ್ನು ಕಡುಕಪ್ಪಾಗಿಸುತ್ತಾರೆ. ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಸೇರಿಸಿದ ಗಾಜಾದರೆ ನೇರಳಾತೀತ ಕಿರಣಗಳು ಬಹುಮಟ್ಟಿಗೆ ಅಲ್ಲಿಯೇ ನಿಂತುಹೋಗುತ್ತವೆ. ಚರ್ಮದ ಮಟ್ಟಿಗೆ ಇದು ಒಳ್ಳೆಯದೇ, ಆದರೆ ಬಿಸಿಲಿನ ಶಕ್ತಿಯಲ್ಲಿ ಅವುಗಳ ಪಾಲು ನೂರಕ್ಕೆ ಐದರಷ್ಟು ಮಾತ್ರ. ಉಳಿದದ್ದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಕಿರಣ, ಮಿಕ್ಕದ್ದು ಕಣ್ಣಿಗೆ ಕಾಣುವ ಬೆಳಕು. ಕಪ್ಪು ಗಾಜು ಇವೆರಡನ್ನೂ ಬಹಳಷ್ಟು ತಡೆಯುತ್ತದೆ ನಿಜ. ಆದರೆ ತಡೆದದ್ದನ್ನು ಹೆಚ್ಚಾಗಿ ಹಿಂದಕ್ಕೆ ಕಳಿಸದೆ ತಾನೇ ನುಂಗುತ್ತದೆ, ನುಂಗಿ ಕಾಯುತ್ತದೆ.

ಕಳೆದ ಏಪ್ರಿಲಿನಲ್ಲಿ ಗೋಕುಲ ರಸ್ತೆಯ ಬದಿಯ ಬಯಲಿನಲ್ಲಿ ಎರಡು ತಾಸು ನಿಂತಿದ್ದ ತಮ್ಮನ ಕಾರಿನೊಳಗೆ ಕುಳಿತು, ಛಾವಣಿಯ ಗಾಜಿಗೆ ತಾಗಿಸದೆ ನಾಲ್ಕು ಬೆರಳಿನಷ್ಟು ಕೆಳಗೆ ಅಂಗೈ ಹಿಡಿದೆ. ಕಪ್ಪು ಗಾಜನ್ನು ದಾಟಿ ಬರುತ್ತಿದ್ದ ಬೆಳಕು ಮಂಕಾಗಿತ್ತು, ಆದರೂ ಅಂಗೈ ರೊಟ್ಟಿಯ ಹಂಚಿನ ಎದುರಿಗೆ ಹಿಡಿದಂತೆ ಕಾಯತೊಡಗಿತು. ಬಿಸಿಗಾಳಿ ಮೇಲಕ್ಕೇರುವುದೇ ಹೊರತು ಕೆಳಗಿಳಿಯುವುದಿಲ್ಲವಾದ್ದರಿಂದ ಇದು ಗಾಳಿಯ ಕೆಲಸವಲ್ಲ. ಕಾದ ಗಾಜು 10 ಮೈಕ್ರೋಮೀಟರ್ ಆಸುಪಾಸಿನ ದೀರ್ಘ ತರಂಗಾಂತರದ ಅವಕೆಂಪು ಕಿರಣಗಳನ್ನು ತಾನೇ ಸೂಸುತ್ತಿರುತ್ತದೆ. ವಸ್ತುವೊಂದು ಹೀಗೆ ಸೂಸುವ ಶಕ್ತಿ ಅದರ ನಿರಪೇಕ್ಷ ತಾಪಮಾನದ (ಕೆಲ್ವಿನ್‌ನಲ್ಲಿ ಅಳೆದದ್ದು) ನಾಲ್ಕನೆಯ ಘಾತದಂತೆ ಏರುತ್ತದೆ ಎಂಬ ಸ್ಟೀಫಾನ್-ಬೋಲ್ಟ್ಸ್‌ಮನ್ ನಿಯಮವನ್ನು ಹಚ್ಚಿದರೆ, 65 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಒಂದು ಚದರ ಮೀಟರ್ ಗಾಜು 600 ವ್ಯಾಟಿಗೂ ಹೆಚ್ಚು ಶಕ್ತಿಯನ್ನು ಕೆಳಗಿನ ತಲೆಗಳ ಮೇಲೆ ಚೆಲ್ಲುತ್ತದೆ. ಎಸಿ ಗಾಳಿ ಮುಖಕ್ಕೆ ತಣ್ಣಗೆ ಬೀಸುತ್ತಿದ್ದರೂ ನೆತ್ತಿ ಸುಡುವುದು ಇದಕ್ಕೇ. ಗದಗ ರಸ್ತೆಯಲ್ಲಿ ವೇಗವಾಗಿ ಓಡುವಾಗ ಹೊರಗಿನ ಗಾಳಿ ಗಾಜಿನ ಕಾವನ್ನು ಸಾಕಷ್ಟು ಒಯ್ಯುತ್ತದೆ. ಸಿಗ್ನಲ್ಲಿನಲ್ಲಿ ನಿಂತೊಡನೆ ಆ ಉಪಕಾರವೂ ತಪ್ಪುತ್ತದೆ.

ಕೆಲವು ಕಾರುಗಳ ಗಾಜಿಗೆ ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಲೇಪನವಿರುತ್ತದೆ. ಅದು ಗಾಜು ಕಾಯುವುದನ್ನು ತಪ್ಪಿಸುವುದಿಲ್ಲ. ಕಾದ ಗಾಜು ಕೆಳಮುಖವಾಗಿ ಸೂಸುವುದನ್ನು ಕುಗ್ಗಿಸುತ್ತದೆ, ಅಷ್ಟೆ. ಆದರೆ ಆ ಅಷ್ಟೇ ಬಹಳ: ಸೂಸುವ ಗುಣ (ಪೂರ್ತಿಯಾಗಿ ಸೂಸುವ ವಸ್ತುವಿಗೆ ಇದು 1) ಬರಿಯ ಗಾಜಿನ ಸುಮಾರು 0.84ರಿಂದ 0.2ಕ್ಕೆ ಇಳಿದರೆ, ಮೇಲೆ ಹೇಳಿದ 600 ವ್ಯಾಟ್ 150ರ ಹತ್ತಿರ ಬಂದು ನಿಲ್ಲುತ್ತದೆ.

ಅಂಗಡಿಯ ಫಿಲ್ಮುಗಳ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಫಿಲ್ಮು ಅಂಟಿಸಿದ ಗಾಜಿನ ತುಂಡೊಂದರ ಹಿಂದೆ ಕೆಂಪಗೆ ಉರಿಯುವ ಬಲ್ಬು ಹಚ್ಚಿ, ಈಚೆಗೆ ನಮ್ಮ ಕೈ ಹಿಡಿಸಿ, ಬಿಸಿ ಮಾಯವಾದದ್ದನ್ನು ತೋರಿಸುವ ಪ್ರಯೋಗವನ್ನು ಹಲವರು ಕಂಡಿರಬಹುದು. ಪ್ರಯೋಗ ಸುಳ್ಳಲ್ಲ, ಆದರೆ ಆ ಬಲ್ಬು ಸೂರ್ಯನಲ್ಲ. ಬಲ್ಬು ಸೂಸುವ ಶಕ್ತಿ ಬಹುತೇಕ ಅವಕೆಂಪಿನಲ್ಲಿದೆ. ಬಿಸಿಲಿನಲ್ಲಾದರೋ ನೂರಕ್ಕೆ ನಲವತ್ತಕ್ಕೂ ಹೆಚ್ಚು ಪಾಲು ಕಾಣುವ ಬೆಳಕಿನಲ್ಲಿಯೇ ಅಡಗಿರುತ್ತದೆ, ಸೀಟಿಗೆ ತಾಗಿದ ಮೇಲೆ ಅದೂ ಶಾಖವೇ. ಆದ್ದರಿಂದ ಕೇಳಬೇಕಾದದ್ದು ಅವಕೆಂಪನ್ನು ಎಷ್ಟು ತಡೆಯುತ್ತದೆ ಎಂದಲ್ಲ, ಒಟ್ಟು ಸೌರಶಕ್ತಿಯಲ್ಲಿ ಎಷ್ಟನ್ನು ತಡೆಯುತ್ತದೆ ಎಂದು. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ 70 ಪ್ರತಿಶತ, ಬದಿಯ ಗಾಜಿನಲ್ಲಿ 50 ಪ್ರತಿಶತ ಬೆಳಕು ಹಾಯಲೇಬೇಕೆಂದು ಮೋಟಾರು ವಾಹನ ನಿಯಮ ಹೇಳುತ್ತದೆಯಾದ್ದರಿಂದ ಅಲ್ಲಿ ಪಾರದರ್ಶಕ ಫಿಲ್ಮಿಗೆ ಅರ್ಥವಿದೆ. ತಲೆಯ ಮೇಲಿನ ಗಾಜಿನಿಂದ ಯಾರೂ ರಸ್ತೆ ನೋಡುವುದಿಲ್ಲ. ಅಲ್ಲಿ ಬೆಳಕನ್ನೂ ಬಿಟ್ಟುಕೊಡಬಹುದಾದಾಗ ದುಬಾರಿ ಪಾರದರ್ಶಕತೆಗೆ ಹಣ ಕೊಡುವುದು ನನ್ನ ದೃಷ್ಟಿಯಲ್ಲಿ ದಂಡ. ಅಲ್ಲದೆ ಶಾಖ ಹೀರುವ ಫಿಲ್ಮು ಗಾಜನ್ನು ಇನ್ನಷ್ಟು ಕಾಯಿಸಿ, ನಡುವೆ ಬಿಸಿ, ಅಂಚಿನಲ್ಲಿ ತಂಪು ಎಂಬ ಎಳೆದಾಟದಿಂದ ಬಿರುಕಿಗೂ ದಾರಿ ಮಾಡಬಲ್ಲದು.

ಒಳಗಿನಿಂದ ಸಿಕ್ಕಿಸುವ ಬಟ್ಟೆಯ ಪರದೆ ಅಗ್ಗ ಮತ್ತು ತಕ್ಕಮಟ್ಟಿಗೆ ಪರಿಣಾಮಕಾರಿ. ಗಾಜಿಗೂ ತಲೆಗೂ ನಡುವೆ ಅದು ಅಡ್ಡ ನಿಲ್ಲುವುದೇ ಮುಖ್ಯ ಲಾಭ. ಮೇಲ್ಮೈಯಲ್ಲಿ ಬೆಳ್ಳಿಬಣ್ಣದ ಲೋಹದ ಲೇಪನವಿದ್ದು, ಗಾಜಿಗೆ ತಾಗದಂತೆ ಬೆರಳಿನಷ್ಟು ಸಂದು ಬಿಟ್ಟಿದ್ದರೆ, ಗಾಜು ಸೂಸಿದ ಶಾಖ ಮರಳಿ ಗಾಜಿನ ಕಡೆಗೇ ಹೋಗುತ್ತದೆ. ಆ ಹೊಳಪಿನ ಮೇಲೆ ನಮ್ಮ ಎರೆಮಣ್ಣಿನ ಧೂಳು ಕುಳಿತರೆ ಗುಣ ಕುಂದುತ್ತದೆ, ಆಗಾಗ ಒರೆಸಬೇಕು. ಕಪ್ಪು ಬಟ್ಟೆಯಾದರೆ ಅದೂ ಕಾದು ಕೆಳಗೆ ಸೂಸುತ್ತದೆ, ಆದರೂ ಏನೂ ಇಲ್ಲದಿರುವುದಕ್ಕಿಂತ ಮೇಲು.

ಆದರೆ ಒಳಗಿನ ಪರದೆಗೆ ಒಂದು ಮೂಲದೋಷವಿದೆ: ಬಿಸಿಲು ಆಗಲೇ ಗಾಜನ್ನು ಹೊಕ್ಕು ಕಾಯಿಸಿರುತ್ತದೆ. ತಮ್ಮ ಆ ಸಂಜೆ ಹೊಸ ಪರದೆಯನ್ನು ಸಿಕ್ಕಿಸುತ್ತ ಬೆವರುತ್ತಿದ್ದಾಗ ಕಟ್ಟೆಯ ಮೇಲೆ ಕುಳಿತಿದ್ದ ಅವ್ವ, "ಮ್ಯಾಲ ಕೌದಿ ಹೊಚ್ಚೋ ತಮ್ಮಾ, ಒಳಗ ಹೊಚ್ಚಿ ಏನ್ ಮಾಡ್ತಿ?" ಎಂದಳು. ನಿಂತ ಕಾರಿನ ಮಟ್ಟಿಗೆ ಇದನ್ನು ಮೀರಿಸುವ ಉಪಾಯವನ್ನು ಭೌತಶಾಸ್ತ್ರವೂ ಹೇಳಲಾರದು. ಹೊರಗೆ ಹೊದಿಸಿದ ಬಟ್ಟೆ ಬಿಸಿಲನ್ನು ಗಾಜಿಗೆ ಮುಟ್ಟುವ ಮೊದಲೇ ತಡೆಯುತ್ತದೆ, ಕಾದದ್ದನ್ನು ಬೀಸುವ ಗಾಳಿಗೆ ಒಪ್ಪಿಸುತ್ತದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಯ ನಡುವೆ ಸಿಕ್ಕ ಗಾಳಿ ಉಳಿದ ಶಾಖವನ್ನು ಕೆಳಗಿಳಿಯಗೊಡುವುದಿಲ್ಲ. ಕೌದಿಯ ಮೇಲೊಂದು ಬಿಳಿ ಧೋತರ ಹಾಸಿದರೆ ಬಹುಪಾಲು ಬಿಸಿಲು ಹಿಂದಕ್ಕೇ ಹೋಗುತ್ತದೆ. ಈಗ ತಮ್ಮನ ಡಿಕ್ಕಿಯಲ್ಲಿ ಎರಡೂ ಇರುತ್ತವೆ. ಎರಡು ಅಂಚುಗಳನ್ನು ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಬಾಗಿಲು ಹಾಕಿದರೆ ಗಾಳಿಗೆ ಹಾರುವುದಿಲ್ಲ.