ಕನ್ನಂಬಾಡಿ ಕಟ್ಟೆಗೆ ಇನ್ನೆಷ್ಟು ಜನ ಬರಬೇಕು?

ಡಿಸ್ನಿಲ್ಯಾಂಡ್, ಕಾವೇರಿ ಪ್ರತಿಮೆ, ಕಾವೇರಿ ಆರತಿ. ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್ ಅಣೆಕಟ್ಟಿನ ಸುದ್ದಿ ಓದುವವರಿಗೆ ಯಾವುದು ಯಾವಾಗಿನ ಯೋಜನೆ ಅನ್ನೋದೇ ಕಲಸಿಹೋಗಿದೆ. ಮೊದಲಿಂದ ನೋಡೋಣ.

ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಶಿವನಸಮುದ್ರದ ವಿದ್ಯುತ್ತಿಗೆ ವರ್ಷವಿಡೀ ನೀರು ಬೇಕಿತ್ತು, ಮಂಡ್ಯದ ಒಣ ಹೊಲಗಳಿಗೂ ಬೇಕಿತ್ತು. ಕಲ್ಲು, ಸುರ್ಕಿ ಗಾರೆಯಲ್ಲಿ (ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಗಾರೆ) ಕಟ್ಟಿ ಮುಗಿಸುವಷ್ಟರಲ್ಲಿ ಎರಡು ದಶಕ ಕಳೆಯಿತು, ಹಳೇ ಕನ್ನಂಬಾಡಿ ಊರು ಮುಳುಗಿತು.

ಪ್ರವಾಸಿಗರನ್ನು ಕರೆತಂದದ್ದು ಬೃಂದಾವನ. ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಶ್ಮೀರದ ಶಾಲಿಮಾರ್ ಮಾದರಿಯ ತೋಟ ಮಾಡಿಸಲು ಹೊರಟರು, 1927ರಲ್ಲಿ ಕೆಲಸ ಶುರುವಾಯಿತು. ಕಟ್ಟೆಯ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹಸಿರು, ನಡುವೆ ಹರಿಯುವ ನೀರು, ಸಾಲು ಕಾರಂಜಿ. ಬೆಳಿಗ್ಗೆ ಅರಮನೆ, ಮಧ್ಯಾಹ್ನ ಚಾಮುಂಡಿ ಬೆಟ್ಟ, ಸಂಜೆಗೆ ಬೃಂದಾವನ ಅಂತ ಎಷ್ಟೋ ಶಾಲಾ ಪ್ರವಾಸದ ಬಸ್ಸುಗಳು ಇವತ್ತಿಗೂ ಅದೇ ಕ್ರಮದಲ್ಲಿ ಬರುತ್ತವೆ. ಕತ್ತಲಾಗುತ್ತಿದ್ದಂತೆ ಎಲ್ಲರೂ ಉತ್ತರ ಬೃಂದಾವನದ ಸಂಗೀತ ಕಾರಂಜಿ ಕಡೆಗೆ ಹೊರಡುತ್ತಾರೆ, ದಸರಾ ರಜೆಯಲ್ಲಂತೂ ಮಕ್ಕಳ ಕೈ ಬಿಡೋ ಹಾಗೇ ಇಲ್ಲ, ಷೋ ಮುಗಿದ ಕೂಡಲೇ ಅಷ್ಟೂ ಜನ ಒಟ್ಟಿಗೆ ವಾಪಸ್ ನುಗ್ಗುತ್ತಾರೆ. ಇಷ್ಟು ಜನಕ್ಕೆ ಮೊದಲು ಬೇಕಾಗೋದು ಚೊಕ್ಕ ಶೌಚಾಲಯ, ಕುಡಿಯುವ ನೀರು, ಅಗಲವಾದ ದಾರಿ ಅಲ್ವಾ?

ಹಿನ್ನೀರಿನದು ಬೇರೆಯೇ ಪಾಡು. ಬೇಸಿಗೆಯಲ್ಲಿ ನೀರು ಇಳಿದಾಗ ಕಾರುಗಳು ದಂಡೆ ಮೇಲೇ ಬಂದು ನಿಲ್ಲುತ್ತವೆ. ಸಂಜೆ ಅವು ಹೋದ ಮೇಲೆ ಮಣ್ಣಲ್ಲಿ ಬಾಟಲಿ ಚೂರು, ಊಟದ ಪ್ಲಾಸ್ಟಿಕ್ ಪೊಟ್ಟಣ. ಮಳೆ ಬಂದರೆ ಅದೆಲ್ಲ ನೀರಿನೊಳಗೆ. ಮೈಸೂರು, ಬೆಂಗಳೂರಿನವರು ಕುಡಿಯೋದೂ ಇದೇ ಕಾವೇರಿ ನೀರನ್ನೇ.

ಇನ್ನು ದೊಡ್ಡ ಯೋಜನೆಗಳು. 2018ರಲ್ಲಿ ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕು, 125 ಅಡಿಯ ಕಾವೇರಿ ಪ್ರತಿಮೆಯ ಮಾತು ಬಂತು. ಅದು ಅಷ್ಟಕ್ಕೇ ನಿಂತಿತು. 2024ರಲ್ಲಿ ಬೃಂದಾವನವನ್ನು ಮೇಲ್ದರ್ಜೆಗೆ ಏರಿಸುವ ಸುಮಾರು 2,663 ಕೋಟಿ ರೂಪಾಯಿಯ ಯೋಜನೆಗೆ ಸಂಪುಟ ಒಪ್ಪಿತು. ಆಮೇಲೆ ಗಂಗಾ ಆರತಿ ಮಾದರಿಯಲ್ಲಿ 92 ಕೋಟಿಯ ಕಾವೇರಿ ಆರತಿ. ರೈತರು ಬೀದಿಗಿಳಿದರು, ವಿಷಯ ಕೋರ್ಟಿಗೂ ಹೋಯಿತು. ರೈತರು ಆರತಿಯನ್ನಷ್ಟೇ ಬೇಡ ಅನ್ನುತ್ತಿಲ್ಲ, ಕಟ್ಟೆಯ ಭದ್ರತೆ ಏನಾಗುತ್ತೆ ಅಂತಲೂ ಕೇಳುತ್ತಿದ್ದಾರೆ. ಸುಮ್ನೆ ಎದ್ದ ಭಯ ಅಲ್ಲ ಇದು. ಕಟ್ಟೆಯ 20 ಕಿಲೋಮೀಟರ್ ಸುತ್ತ ಗಣಿಗಾರಿಕೆ ಬೇಡ ಅಂತ ಹೈಕೋರ್ಟ್ ಹೇಳಿದ್ದೂ 2024ರಲ್ಲೇ. ಸುತ್ತ ಕಲ್ಲು ಸಿಡಿಸಬಾರದು ಅಂದರೆ, ಕಟ್ಟೆಯ ಪಕ್ಕದಲ್ಲೇ ದೊಡ್ಡ ಕಟ್ಟಡಕ್ಕೆ ಪಾಯ ತೋಡುವ ಮೊದಲು ಇನ್ನೂ ಜಾಸ್ತಿ ಯೋಚಿಸಬೇಕು. ದಿನಕ್ಕೆ ಎಷ್ಟು ಜನ, ಎಷ್ಟು ಗಾಡಿ, ಅವರ ಕೊಳಚೆ ಎಲ್ಲಿಗೆ ಹರಿಯುತ್ತೆ ಅನ್ನೋದನ್ನು ಟೆಂಡರ್‌ಗಿಂತ ಮೊದಲೇ ಸುತ್ತಲ ಊರಿನವರ ಮುಂದೆ ಇಡಬೇಕು.