ಕಂಟ್ರೋಲರ್ ಪಕ್ಕದಲ್ಲಿ ಸರಿಯಿದ್ದ ಸೆನ್ಸರ್ ಮಹಡಿಗೆ ಹೋದ ಮೇಲೆ ಯಾಕೆ ಕೈಕೊಡುತ್ತೆ?

ಪ್ರಶ್ನೆ: ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ, ಮನೆಯ ಸ್ಮಾರ್ಟ್ ಸಾಧನಗಳನ್ನು ನಡೆಸುವ ಹೋಮ್ ಅಸಿಸ್ಟೆಂಟ್ ತಂತ್ರಾಂಶ ಹಾಕಿ, ಆ ಸಾಧನಗಳ ಜೊತೆ ತಂತಿಯಿಲ್ಲದೆ ಮಾತಾಡುವ ಜಿಗ್‌ಬೀ ಡಾಂಗಲ್ ಜೋಡಿಸಿದ್ದೇನೆ. ಇದೇ ನನ್ನ ಕಂಟ್ರೋಲರ್. ಬಾಗಿಲಿನ ಸೆನ್ಸರನ್ನು ಹಾಲ್‌ನಲ್ಲಿ ಪೈ ಪಕ್ಕವೇ ಇಟ್ಟುಕೊಂಡು ಪೇರ್ ಮಾಡಿದೆ, ತಕ್ಷಣ ಸೇರಿಕೊಂಡಿತು. ಮಹಡಿಯ ಟೆರೇಸ್ ಬಾಗಿಲಿಗೆ ಅಂಟಿಸಿದೆ, ಬೆಳಗಾಗುವಷ್ಟರಲ್ಲಿ ‘ಅನ್‌ಅವೇಲಬಲ್’. ಅಲ್ಲಿ ವೈಫೈ ಚೆನ್ನಾಗಿಯೇ ಸಿಗುತ್ತೆ. ಸೆನ್ಸರ್ ಕೆಟ್ಟಿದೆಯೇ?

ಉತ್ತರ: ಬಹುಮಟ್ಟಿಗೆ ಕೆಟ್ಟಿರುವುದಿಲ್ಲ. ವಾಪಸ್ ಕಳಿಸುವ ಮುಂಚೆ ಒಂದು ವಿಷಯ ನೋಡಿ: ಡಾಂಗಲ್‌ಗೂ ಟೆರೇಸ್ ಬಾಗಿಲಿಗೂ ನಡುವೆ, ಸದಾ ಕರೆಂಟಿನಲ್ಲಿರುವ ಜಿಗ್‌ಬೀ ಸಾಧನ ಒಂದಾದರೂ ಇದೆಯೇ? ಇಲ್ಲದಿದ್ದರೆ ಕಾರಣ ಅದೇ. ವೈಫೈ ಸಿಗ್ನಲ್ ಎಷ್ಟೇ ಚೆನ್ನಾಗಿದ್ದರೂ ಜಿಗ್‌ಬೀ ಸೆನ್ಸರ್‌ಗೆ ಅದರಿಂದ ಉಪಯೋಗವಿಲ್ಲ. ಅದರ ಜಾಲವೇ ಬೇರೆ.

ಆ ಜಾಲವನ್ನು ಕಟ್ಟುವುದು ನಿಮ್ಮ ಡಾಂಗಲ್, ಅಂದರೆ ಕೋಆರ್ಡಿನೇಟರ್. ಕರೆಂಟಿನಲ್ಲಿ ನಡೆಯುವ ಜಿಗ್‌ಬೀ ಪ್ಲಗ್, ಬಲ್ಬ್, ಸ್ವಿಚ್ ಮಾಡ್ಯೂಲ್‌ಗಳಲ್ಲಿ ಹೆಚ್ಚಿನವು ರೂಟರ್‌ಗಳು. ತಮ್ಮ ಕೆಲಸದ ಜೊತೆಗೆ ಉಳಿದವುಗಳ ಸಂದೇಶವನ್ನೂ ಮುಂದಕ್ಕೆ ದಾಟಿಸುತ್ತವೆ. ಬ್ಯಾಟರಿ ಸೆನ್ಸರ್ ಹಾಗಲ್ಲ. ಪುಟ್ಟ ಸೆಲ್ ಒಂದರಲ್ಲಿ ಬಹಳ ಕಾಲ ನಡೆಯಬೇಕಾದ್ದರಿಂದ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತದೆ. ಎಚ್ಚರವಾದಾಗ ತನ್ನ ‘ಪೇರೆಂಟ್’ ಆಗಿರುವ ಒಂದೇ ಸಾಧನದ ಜೊತೆ ಮಾತಾಡಿ ಮತ್ತೆ ಮಲಗುತ್ತದೆ. ನೀವು ಹಾಲ್‌ನಲ್ಲಿ ಪೇರ್ ಮಾಡಿದಾಗ ಡಾಂಗಲ್ಲೇ ಅದರ ಪೇರೆಂಟ್ ಆಯಿತು. ಈಗ ನಡುವೆ ಆರ್‌ಸಿಸಿ ಸ್ಲ್ಯಾಬ್ ಬಂದಿದೆ, ಎರಡು ಗೋಡೆ ಬಂದಿವೆ. ಹೊಸ ಪೇರೆಂಟ್ ಹುಡುಕಿಕೊಳ್ಳಲು ಮೇಲೆ ಯಾರೂ ಇಲ್ಲ. ಇದ್ದರೂ, ಹಳೇ ಪೇರೆಂಟನ್ನು ಬಿಡಲೊಲ್ಲದ ಸೆನ್ಸರ್‌ಗಳು ಕೆಲವಿವೆ.

ಹಾಗಾಗಿ ಯಾವ ಕ್ರಮದಲ್ಲಿ ಸೇರಿಸುತ್ತೇವೆ ಎಂಬುದೇ ಇಲ್ಲಿ ಮುಖ್ಯ. ಕರೆಂಟಿನ ಸಾಧನಗಳು ಮೊದಲು, ಕಂಟ್ರೋಲರ್‌ಗೆ ಹತ್ತಿರದ್ದರಿಂದ ಶುರುಮಾಡಿ ದೂರಕ್ಕೆ. ನಿಮ್ಮ ಮನೆಯಲ್ಲಾದರೆ ಹಾಲ್, ಆಮೇಲೆ ಮೆಟ್ಟಿಲ ಬಳಿ, ಆಮೇಲೆ ಮಹಡಿ. ಸೆನ್ಸರ್‌ಗಳು ಕಡೆಗೆ, ಅದೂ ಅವು ಇರಬೇಕಾದ ಜಾಗದಲ್ಲೇ ನಿಂತು.

ರೂಟರನ್ನು ಎಲ್ಲಿ ಹಾಕುತ್ತೀರಿ ಅನ್ನುವುದಕ್ಕೆ ನಮ್ಮ ಮನೆಗಳಲ್ಲಿ ವಿಶೇಷ ಗಮನ ಬೇಕು. ನಮ್ಮಲ್ಲಿ ಹೆಚ್ಚುಕಡಿಮೆ ಪ್ರತಿ ಪ್ಲಗ್ ಪಾಯಿಂಟಿಗೂ ಒಂದು ಸ್ವಿಚ್ ಇರುತ್ತದೆ, ಬಳಸದಿದ್ದಾಗ ಆಫ್ ಮಾಡುವ ಒಳ್ಳೆಯ ಅಭ್ಯಾಸವೂ ಇದೆ. ಮೆಟ್ಟಿಲ ಬಳಿಯ ಸ್ಮಾರ್ಟ್ ಪ್ಲಗ್ಗಿನ ಸ್ವಿಚ್ಚನ್ನು ಅಮ್ಮ ಮಲಗುವ ಮುಂಚೆ ಆಫ್ ಮಾಡಿದರೆ ಅದನ್ನೇ ನಂಬಿಕೊಂಡ ಸೆನ್ಸರ್ ದಾರಿ ತಪ್ಪುತ್ತದೆ. ಸ್ಮಾರ್ಟ್ ಬಲ್ಬ್‌ನದೂ ಇದೇ ಕಥೆ. ಸ್ವಿಚ್‌ಬೋರ್ಡಿನ ಒಳಗೆ ಕೂರುವ ರಿಲೇ ಮಾಡ್ಯೂಲ್ ನನ್ನ ಪ್ರಕಾರ ಹೆಚ್ಚು ಭದ್ರ. ಹೊರಗಿನ ಸ್ವಿಚ್ ಒತ್ತಿದರೂ ಮಾಡ್ಯೂಲ್‌ಗೆ ಬರುವ ಕರೆಂಟ್ ನಿಲ್ಲುವುದಿಲ್ಲ. ಅದಕ್ಕೆ ಬೋರ್ಡಿನಲ್ಲಿ ನ್ಯೂಟ್ರಲ್ ತಂತಿ ಬೇಕು. ಸಾಕೆಟ್ ಇರುವ ಬೋರ್ಡಿನಲ್ಲಿ ನ್ಯೂಟ್ರಲ್ ಇದ್ದೇ ಇರುತ್ತದೆ, ಬರೀ ಸ್ವಿಚ್‌ಗಳ ಬೋರ್ಡಿನಲ್ಲಿ ಇರದಿರಬಹುದು. ನ್ಯೂಟ್ರಲ್ ಬೇಡದ ಮಾಡ್ಯೂಲ್‌ಗಳೂ ಸಿಗುತ್ತವೆ, ಆದರೆ ಅವು ಸಾಮಾನ್ಯವಾಗಿ ರೂಟರ್ ಕೆಲಸ ಮಾಡುವುದಿಲ್ಲ. ಈ ಕೆಲಸ ಎಲೆಕ್ಟ್ರಿಷಿಯನ್‌ಗೇ ಬಿಡಿ, ಎಂಸಿಬಿ ಇಳಿಸಿಯೇ ಬೋರ್ಡ್ ಬಿಚ್ಚಿಸಿ.

ಇನ್ವರ್ಟರ್ ಇರುವ ಮನೆಯಾದರೆ ರೂಟರ್ ಮಾಡ್ಯೂಲನ್ನು ಇನ್ವರ್ಟರ್ ಲೈನಿನಲ್ಲೇ ಹಾಕಿಸಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಪೈ ಮತ್ತು ಮೋಡೆಮ್ ಬ್ಯಾಕಪ್‌ನಲ್ಲಿ ನಡೆಯುತ್ತಲೇ ಇರುತ್ತವೆ, ನಡುವಿನ ದಾರಿ ಮಾತ್ರ ಕಡಿದಿರುತ್ತದೆ. ಟೆರೇಸ್ ಬಾಗಿಲಿನ ಸೆನ್ಸರ್ ಹೆಚ್ಚು ಬೇಕಾಗುವುದು ಅಂಥ ಕತ್ತಲೆಯ ಹೊತ್ತಿನಲ್ಲೇ.

ಈಗ ಡಾಂಗಲ್ ಕಡೆ ಬನ್ನಿ. ಪೈ 4ರ ನೀಲಿ ಪೋರ್ಟ್‌ಗಳು ಯುಎಸ್‌ಬಿ 3.0. ಅವು 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಎಬ್ಬಿಸುತ್ತವೆ; ಇದನ್ನು 2012ರಲ್ಲೇ ಇಂಟೆಲ್ ದಾಖಲಿಸಿದೆ. ಜಿಗ್‌ಬೀ ನಡೆಯುವುದೂ 2.4 ಗಿಗಾಹರ್ಟ್ಸ್‌ನಲ್ಲೇ. ಡಾಂಗಲನ್ನು ಕಪ್ಪು ಪೋರ್ಟಿಗೆ ಹಾಕಿ, ಮಧ್ಯೆ ಒಂದು ಎಕ್ಸ್‌ಟೆನ್ಷನ್ ಕೇಬಲ್ ಕೊಟ್ಟು ಪೈಯಿಂದ ದೂರ ಇಡಿ. ಇಷ್ಟು ಸಣ್ಣ ಖರ್ಚಿನಲ್ಲಿ ಇಷ್ಟು ವ್ಯತ್ಯಾಸ ತರುವುದು ಬೇರೇನಿಲ್ಲ. ವೈಫೈಯೂ 2.4 ಗಿಗಾಹರ್ಟ್ಸ್ ಬಳಸುವುದರಿಂದ ಅದರ ಚಾನೆಲನ್ನೂ ‘ಆಟೋ’ದಲ್ಲಿ ಬಿಡಬೇಡಿ. ಜಿಗ್‌ಬೀ ಚಾನೆಲ್‌ಗಳು 11ರಿಂದ 26. ಹೆಸರು ಒಂದೇ ಆದರೂ ವೈಫೈನ 11 ಬೇರೆ, ಜಿಗ್‌ಬೀಯ 11 ಬೇರೆ. ಜಿಗ್‌ಬೀ 11 ಬೀಳುವುದು ವೈಫೈ 1ರ ಮೇಲೆ. ವೈಫೈ 1ರಲ್ಲಿದ್ದರೆ ಜಿಗ್‌ಬೀಗೆ 20 ಅಥವಾ 25 ಒಳ್ಳೆಯದು. ಇದನ್ನು ಮೊದಲೇ ನಿರ್ಧರಿಸಿ, ಸಾಧನಗಳೆಲ್ಲ ಸೇರಿದ ಮೇಲೆ ಚಾನೆಲ್ ಬದಲಿಸಿದರೆ ಕೆಲವನ್ನು ಮತ್ತೆ ಪೇರ್ ಮಾಡಬೇಕಾಗುತ್ತದೆ.

ದಾರಿ ಸಿದ್ಧವಾದ ಮೇಲೆ ನಿಮ್ಮ ಸೆನ್ಸರನ್ನು ಮತ್ತೆ ಪೇರ್ ಮಾಡಿ. ಕಂಟ್ರೋಲರ್‌ನಿಂದ ಡಿಲೀಟ್ ಮಾಡುವ ಅಗತ್ಯವಿಲ್ಲ. ಸಾಧನಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ಸ್ಥಿರ ವಿಳಾಸ ಇರುತ್ತದೆ, ಅದರಿಂದ ಗುರುತು ಹಿಡಿದು ಹೋಮ್ ಅಸಿಸ್ಟೆಂಟ್ ಹಳೇ ಹೆಸರು, ಆಟೊಮೇಷನ್ ಎಲ್ಲವನ್ನೂ ಉಳಿಸಿಕೊಳ್ಳುತ್ತದೆ. ಹೋಮ್ ಅಸಿಸ್ಟೆಂಟ್‌ನಲ್ಲೇ ಇರುವ ಝಡ್‌ಎಚ್‌ಎ ಎಂಬ ಜಿಗ್‌ಬೀ ವ್ಯವಸ್ಥೆ ಬಳಸುತ್ತಿದ್ದರೆ ಮಹಡಿಯ ರೂಟರ್‌ನ ಪುಟ ತೆರೆದು, ಆ ಸಾಧನದ ಮೂಲಕವೇ ಸೇರಿಸುವ ಆಯ್ಕೆ ಒತ್ತಿ. ಅದೇ ಕೆಲಸದ ಇನ್ನೊಂದು ತಂತ್ರಾಂಶ ಜಿಗ್‌ಬೀ2ಎಂಕ್ಯೂಟಿಟಿಯಲ್ಲೂ ಯಾವ ರೂಟರ್ ಮೂಲಕ ಎಂದು ಆರಿಸಬಹುದು. ಫೋನ್ ಹಿಡಿದು ಟೆರೇಸ್ ಬಾಗಿಲ ಬಳಿ ನಿಂತು, ಸೆನ್ಸರ್‌ನ ರಿಸೆಟ್ ಗುಂಡಿಯನ್ನು ದೀಪ ಮಿನುಗುವವರೆಗೆ ಒತ್ತಿಹಿಡಿಯಿರಿ. ಬಿಟ್ಟ ಮೇಲೆ ಸುಮ್ಮನಾಗಬೇಡಿ. ಕಂಟ್ರೋಲರ್ ಅದರ ವಿವರ ಕೇಳುತ್ತಿರುವಾಗಲೇ ಸೆನ್ಸರ್ ನಿದ್ದೆಗೆ ಜಾರಬಹುದು. ಗುಂಡಿಯನ್ನು ಒಂದೆರಡು ಸೆಕೆಂಡಿಗೊಮ್ಮೆ ಮೆಲ್ಲಗೆ ಒತ್ತುತ್ತಿದ್ದರೆ ಎಚ್ಚರವಾಗಿರುತ್ತದೆ. ಅರ್ಧಕ್ಕೆ ನಿಂತ ಪೇರಿಂಗ್‌ನಲ್ಲಿ ಹೆಸರು ಮಾತ್ರ ಬಂದು ಬಾಗಿಲು ತೆರೆದಿದ್ದು, ಮುಚ್ಚಿದ್ದು ಕಾಣಿಸದೆ ಹೋಗುವುದು ಸೆನ್ಸರ್ ಹೀಗೆ ನಡುವೆ ನಿದ್ದೆಗೆ ಜಾರುವುದರಿಂದಲೇ.

ಇದರ ಜೊತೆಗೇ ಬರುವ ಮಾತು, ಅಮೆರಿಕದಲ್ಲಿರುವ ಮಕ್ಕಳು ತಂದುಕೊಡುವ ಸಾಧನಗಳದ್ದು. ಜಿಗ್‌ಬೀಯ ಬ್ಯಾಟರಿ ಸೆನ್ಸರ್ ಆದರೆ ಧಾರಾಳವಾಗಿ ಬಳಸಿ. ಜಿಗ್‌ಬೀಯಂಥದ್ದೇ ಇನ್ನೊಂದು ನಿಸ್ತಂತು ಜಾಲವಾದ ಝಡ್-ವೇವ್‌ನದಾದರೆ ತರಿಸಬೇಡಿ: ಅಲ್ಲಿ ಅದು 908 ಮೆಗಾಹರ್ಟ್ಸ್‌ನಲ್ಲಿ, ಭಾರತದಲ್ಲಿ 865ರಲ್ಲಿ ನಡೆಯುತ್ತದೆ, ಇಲ್ಲಿನ ಕಂಟ್ರೋಲರ್‌ಗೆ ಸೇರುವುದಿಲ್ಲ. ಪ್ಲಗ್ ಆದರೆ ಅದರ ಮೇಲೆ ಬರೆದ ವೋಲ್ಟೇಜ್ ಓದಿ. 120 ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟ್‌ಗೆ ಖಂಡಿತ ಹಾಕಬಾರದು. ಅಡಾಪ್ಟರ್ ಪಿನ್ ಬದಲಿಸುತ್ತದೆಯೇ ಹೊರತು ವೋಲ್ಟೇಜ್ ಇಳಿಸುವುದಿಲ್ಲ.